ಆಡಿದವರು ಕಲಿಸುವವರಾದಾಗ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ತಾಲ್ಲೂಕುಗಳಿಂದ ಬಂದು ಸೇರಿದ್ದೀರಿ. ಗದ್ದೆ ಕೆಲಸ, ಹೊಲದ ಕೆಲಸ, ಮನೆ ಕೆಲಸ ಮುಗಿಸಿ ಬಂದಿದ್ದೀರಿ. ಅದಕ್ಕೆ ಮೊದಲು ನಿಮಗೆ ವಂದನೆ.

ಇವತ್ತು ನಾವು ಒಂದು ಆಟದ ವಿಷಯ ಮಾತಾಡೋಣ. “ಆಟ ಅಂದ್ರೆ ಮಕ್ಕಳ ಕೆಲಸ, ನಮಗ್ಯಾಕೆ?” ಅಂತ ನೀವು ಕೇಳಬಹುದು. ಸ್ವಲ್ಪ ತಾಳಿ. ಆಟ ಆಡಿ ಅನ್ನ ಸಂಪಾದಿಸಿದವರು ನಮ್ಮ ನಾಡಿನಲ್ಲಿ ಇದ್ದಾರೆ. ಆಡುವ ವಯಸ್ಸು ಮುಗಿದ ಮೇಲೆ ಅದೇ ಆಟವನ್ನು ಮಕ್ಕಳಿಗೆ ಕಲಿಸಿ ಬಾಳಿದವರೂ ಇದ್ದಾರೆ. ಅಂಥವರ ಕಥೆ ಹೇಳ್ತೀವಿ. ಕಥೆ ಕೇಳಿದ ಮೇಲೆ ಇನ್ನೊಂದು ಮಾತು ಯೋಚಿಸೋಣ. ನಿಮ್ಮ ಮನೆಯ ಹೆಣ್ಣುಮಗು “ಅವ್ವಾ, ನಾನೂ ಆಟಕ್ಕೆ ಹೋಗ್ಲಾ?” ಅಂತ ಕೇಳಿದರೆ ನೀವು ಏನು ಹೇಳ್ತೀರಿ?

ಆಟದ ಹೆಸರು ಫುಟ್‌ಬಾಲ್. ಅಚ್ಚ ಕನ್ನಡದಲ್ಲಿ ಕಾಲ್ಚೆಂಡು. ನಮ್ಮ ಕಡೆ ಕಬಡ್ಡಿ, ಖೊಖೊ ಹೆಚ್ಚು. ಆದರೂ ಕಾಲ್ಚೆಂಡು ನಿಮಗೆ ತೀರಾ ಹೊಸದಲ್ಲ. ಪಿರಿಯಾಪಟ್ಟಣ ತಾಲ್ಲೂಕಿನವರು ಬೈಲಕುಪ್ಪೆ ಕಡೆ ಹೋಗಿ ಬರ್ತೀರಿ. 1960ರ ದಶಕದ ಆರಂಭದಲ್ಲಿ ಟಿಬೆಟ್‌ನಿಂದ ಬಂದ ಜನ ಅಲ್ಲಿ ಊರು ಕಟ್ಟಿಕೊಂಡರು. ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಅವರ ಊರುಗಳಿವೆ. ಅವರಿಗೆ ಈ ಆಟ ಅಂದರೆ ಪ್ರಾಣ. ಬೈಲಕುಪ್ಪೆಯ ಮೈದಾನದಲ್ಲಿ ದೊಡ್ಡ ದೊಡ್ಡ ಪಂದ್ಯಗಳೇ ನಡೆದಿವೆ. ದಾರಿಯಲ್ಲಿ ಹೋಗುವಾಗ ನೀವೂ ಒಂದು ಗಳಿಗೆ ನಿಂತು ನೋಡಿರಬಹುದು.

ಆಟದ ನಿಯಮ ಸುಲಭ. ಒಂದೊಂದು ತಂಡದಲ್ಲಿ 11 ಜನ. ಮೈದಾನದ ಎರಡು ತುದಿಯಲ್ಲಿ ಎರಡು ಗೋಲು. ಎದುರಾಳಿಯ ಗೋಲಿನೊಳಗೆ ಚೆಂಡು ಹೊಡೆಯಬೇಕು. ಕೈ ತಾಗಿಸಬಾರದು. ಗೋಲು ಕಾಯುವ ಒಬ್ಬರು ಮಾತ್ರ ಕೈಯಲ್ಲಿ ಹಿಡಿಯಬಹುದು. ಮೊದಲು 45 ನಿಮಿಷ ಆಟ, ಆಮೇಲೆ ವಿಶ್ರಾಂತಿ, ಮತ್ತೆ 45 ನಿಮಿಷ ಆಟ. ಒಟ್ಟು ಒಂದೂವರೆ ಗಂಟೆ ಓಡಬೇಕು.

ಹನ್ನೊಂದು ಜನರಿಗೂ ಬೇರೆ ಬೇರೆ ಕೆಲಸ. ಕೆಲವರು ಹಿಂದೆ ನಿಂತು ಕಾಯ್ತಾರೆ. ಕೆಲವರು ಮುಂದೆ ನಿಂತು ಹೊಡೀತಾರೆ. ನಡುವೆ ಇರುವವರು ಹಿಂದಿನಿಂದ ಚೆಂಡು ಪಡೆದು ಮುಂದಿನವರಿಗೆ ಮುಟ್ಟಿಸ್ತಾರೆ. ಕೆರೆ ಹೂಳು ತೆಗೆಯುವಾಗ ನೀವು ಸಾಲಾಗಿ ನಿಂತು ಮಣ್ಣಿನ ಮಂಕರಿ ಸಾಗಿಸೋದಿಲ್ವೇ? ಸಾಲಿನ ನಡುವೆ ಒಬ್ಬರು ಕೈ ಬಿಟ್ಟರೆ ಇಡೀ ಕೆಲಸ ನಿಲ್ಲುತ್ತೆ. ಈ ಆಟವೂ ಹಾಗೆಯೇ. ಹೆಸರು ಗೋಲು ಹೊಡೆದವರಿಗೆ ಬರುತ್ತೆ. ಹೊರೆ ನಡುವಿನವರ ಮೇಲಿರುತ್ತೆ.

ಈ ಆಟ ನಮ್ಮ ರಾಜ್ಯಕ್ಕೆ ಬಂದದ್ದು ಬ್ರಿಟಿಷರ ಕಾಲದಲ್ಲಿ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಅವರ ಸೈನಿಕರು ಆಡ್ತಿದ್ದರು. ಸುತ್ತಲಿನ ಬಡವರ ಕೇರಿಗಳ ಹುಡುಗರು ನೋಡಿ ನೋಡಿ ಕಲಿತರು. ಬೂಟು ಕೊಳ್ಳೋಕೆ ಕಾಸಿರಲಿಲ್ಲ. ಬರಿಗಾಲಲ್ಲೇ ಆಡಿದರು. ಬರಿಗಾಲಲ್ಲೇ ಗೆದ್ದರು.

1948ರಲ್ಲಿ ಲಂಡನ್ ನಗರದಲ್ಲಿ ಒಲಿಂಪಿಕ್ಸ್ ನಡೆಯಿತು. ಸ್ವಾತಂತ್ರ್ಯ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಭಾರತದ ಕಾಲ್ಚೆಂಡು ತಂಡ ಅಲ್ಲಿಗೆ ಹೋಯಿತು. ಫ್ರಾನ್ಸ್ ದೇಶದ ಎದುರು ಆಟ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಇಳಿದರು. ಫ್ರಾನ್ಸ್ ಎರಡು ಗೋಲು, ಭಾರತ ಒಂದು ಗೋಲು. ನಮ್ಮವರು ಸೋತರು. ಆದರೆ ಸ್ವತಂತ್ರ ಭಾರತದ ಆ ಮೊದಲ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಕೂಡ ಇದ್ದರು. ಅವರು ಕಲ್ಕತ್ತಾದ ಈಸ್ಟ್ ಬೆಂಗಾಲ್ ತಂಡ ಸೇರಿ ದೊಡ್ಡ ಹೆಸರು ಮಾಡಿದರು.

ಅಹ್ಮದ್ ಖಾನ್ ನಡೆದ ದಾರಿಯಲ್ಲೇ, ಬಹಳ ವರ್ಷದ ಮೇಲೆ, ಬೆಂಗಳೂರಿನ ಇನ್ನೊಬ್ಬ ಹುಡುಗ ನಡೆದ. ಅವರ ಹೆಸರು ಕಾರ್ಲ್‌ಟನ್ ಚಾಪ್‌ಮನ್. ನಾವು ಇವತ್ತು ಹೇಳಬೇಕು ಅಂತಿರೋದು ಇವರ ಕಥೆ.

ಚಾಪ್‌ಮನ್ ಹುಟ್ಟಿದ್ದು 1971ರ ಏಪ್ರಿಲ್ 13ರಂದು, ಬೆಂಗಳೂರಿನಲ್ಲಿ. ಹುಡುಗನಿದ್ದಾಗ ಬೆಂಗಳೂರಿನಲ್ಲೇ ಸರ್ಕಾರದ ಕ್ರೀಡಾ ಕೇಂದ್ರದಲ್ಲಿ ತರಬೇತಿ ಪಡೆದರು. ಆಮೇಲೆ 1990ರಲ್ಲಿ ಜಮ್‌ಷೆಡ್‌ಪುರಕ್ಕೆ ಹೋದರು. ಅದು ಟಾಟಾ ಕಂಪನಿಯ ಉಕ್ಕಿನ ಕಾರ್ಖಾನೆ ಇರುವ ಊರು. ನಮ್ಮಿಂದ ಬಹಳ ದೂರ. ಆ ಕಂಪನಿಯವರು 1987ರಲ್ಲಿ ಅಲ್ಲಿ ಒಂದು ಕಾಲ್ಚೆಂಡಿನ ಶಾಲೆ ತೆರೆದಿದ್ದರು. ದೇಶದ ನಾನಾ ಕಡೆಯ ಹುಡುಗರನ್ನು ಆರಿಸಿ, ಊಟ ವಸತಿ ಕೊಟ್ಟು, ಆಟ ಕಲಿಸ್ತಿದ್ದರು. ಹತ್ತೊಂಬತ್ತು ವರ್ಷದ ಚಾಪ್‌ಮನ್ ಅಲ್ಲಿ ವಿದ್ಯಾರ್ಥಿಯಾದರು.

ಕಲಿತು ಮುಗಿಸಿ 1993ರಲ್ಲಿ ಕಲ್ಕತ್ತಾದ ಈಸ್ಟ್ ಬೆಂಗಾಲ್ ತಂಡ ಸೇರಿದರು. ಇದು ಅವರಿಗೆ ಉದ್ಯೋಗ. ತಂಡ ದುಡ್ಡು ಕೊಡುತ್ತೆ, ಇವರು ಆಡಬೇಕು. ಅದೇ ಕಾಲದಲ್ಲಿ ಏಷ್ಯಾದ ಒಂದು ಪಂದ್ಯಾವಳಿಯಲ್ಲಿ ಇರಾಕ್ ದೇಶದ ಅಲ್ ಜವ್ರಾ ಅನ್ನೋ ತಂಡ ಎದುರಾಯಿತು. ಬಲವಾದ ತಂಡ. ಈಸ್ಟ್ ಬೆಂಗಾಲ್ 6 ಗೋಲು ಹೊಡೆಯಿತು. ಅವರು 2 ಗೋಲು ಹೊಡೆದರು. ನಮ್ಮ ಬೆಂಗಳೂರಿನ ಹುಡುಗ ಒಬ್ಬರೇ ಮೂರು ಗೋಲು ಹೊಡೆದರು. ನಡುವೆ ನಿಂತು ಆಡುವವರು ಒಂದೇ ಆಟದಲ್ಲಿ ಮೂರು ಗೋಲು ಹೊಡೆಯೋದು ಸಣ್ಣ ಮಾತಲ್ಲ. ದೇಶದ ತುಂಬ ಅವರ ಹೆಸರಾಯಿತು.

1995ರಲ್ಲಿ ಪಂಜಾಬ್‌ಗೆ ಹೋದರು. ಅಲ್ಲಿ ಫಗ್ವಾಡಾ ಅನ್ನೋ ಊರಿನ ಬಟ್ಟೆ ಗಿರಣಿಯವರು ಜೆ.ಸಿ.ಟಿ. ಅನ್ನೋ ತಂಡ ಕಟ್ಟಿದ್ದರು. 1996ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಶುರುವಾಯಿತು. ದೇಶದ ದೊಡ್ಡ ತಂಡಗಳೆಲ್ಲ ಅದರಲ್ಲಿ ಆಡಿದವು. ಆ ಮೊದಲ ಲೀಗನ್ನು ಜೆ.ಸಿ.ಟಿ. ಗೆದ್ದಿತು. ಚಾಪ್‌ಮನ್ ಜೊತೆ ಕೇರಳದ ಐ.ಎಂ. ವಿಜಯನ್, ಸಿಕ್ಕಿಂನ ಭೈಚುಂಗ್ ಭುಟಿಯಾ ಆಡಿದರು. ತೆಂಕಣದವರು, ಬಡಗಣದವರು, ಗುಡ್ಡಗಾಡಿನವರು, ಎಲ್ಲ ಒಂದೇ ತಂಡ.

ಆಮೇಲೆ ಕೊಚ್ಚಿಯಲ್ಲಿ ಆಡಿದರು. 1998ರಲ್ಲಿ ಮತ್ತೆ ಈಸ್ಟ್ ಬೆಂಗಾಲ್‌ಗೆ ಬಂದರು. 1997ರಲ್ಲಿ ದಕ್ಷಿಣ ಏಷ್ಯಾ ದೇಶಗಳ ಕಪ್ ಗೆದ್ದ ಭಾರತ ತಂಡಕ್ಕೆ ಅವರೇ ನಾಯಕರು. 2001ರಲ್ಲಿ ಅವರ ನಾಯಕತ್ವದಲ್ಲೇ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದಿತು. ಅದೇ ವರ್ಷ ದೊಡ್ಡ ಪಂದ್ಯಗಳ ಆಟ ನಿಲ್ಲಿಸಿದರು.

ಈಗ ಒಂದು ಲೆಕ್ಕ ಹಾಕೋಣ. ನೀವು ಈಗಷ್ಟೇ ಕಳೆಯುವ ಲೆಕ್ಕ ಕಲಿತಿದ್ದೀರಿ. 2001ರಲ್ಲಿ 1971 ಕಳೆದರೆ ಎಷ್ಟು? ಮೂವತ್ತು. ಮೂವತ್ತು ವರ್ಷಕ್ಕೆ ಅವರ ಆಟದ ಬದುಕು ಮುಗಿಯಿತು!

ಬೇರೆ ಕೆಲಸದಲ್ಲಿ ಮೂವತ್ತು ಅಂದರೆ ಏರುವ ವಯಸ್ಸು. ಮೇಷ್ಟ್ರಿಗೆ ಅರವತ್ತರವರೆಗೆ ನೌಕರಿ. ರೈತರಿಗೆ ಕೈಕಾಲು ಆಡುವ ತನಕ ಕೆಲಸ. ಆಟಗಾರರಿಗೆ ಹಾಗಲ್ಲ. ಮೊಣಕಾಲು ಸವೆಯುತ್ತೆ. ಓಟ ನಿಧಾನ ಆಗುತ್ತೆ. ಇಪ್ಪತ್ತರ ಹುಡುಗ ಬಂದು ಜಾಗ ಕೇಳ್ತಾನೆ. ಹತ್ತು ಹನ್ನೆರಡು ವರ್ಷ ದುಡಿದ ದುಡ್ಡಿನಲ್ಲಿ ಉಳಿದ ಬಾಳು ಸಾಗಬೇಕು. “ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು” ಅಂತ ಗಾದೆ ಇದೆಯಲ್ಲ? ಹೆಸರು ಮಾಡಿದ ಆಟಗಾರರು ಎಷ್ಟೋ ಜನ ಆಮೇಲೆ ಕಷ್ಟಪಟ್ಟಿದ್ದಾರೆ. ಚಪ್ಪಾಳೆ ತಟ್ಟಿದ ಜನ ಮರುವರ್ಷ ಹೆಸರು ಮರೀತಾರೆ.

ಚಾಪ್‌ಮನ್ ಏನು ಮಾಡಿದರು? 2002ರಲ್ಲಿ ಜಮ್‌ಷೆಡ್‌ಪುರದ ಅದೇ ಟಾಟಾ ಶಾಲೆಗೆ ಹೋದರು. ತಾವು ಕಲಿತ ಜಾಗಕ್ಕೇ ಕಲಿಸೋಕೆ ಹೋದರು. ಹನ್ನೆರಡು ವರ್ಷದ ಹಿಂದೆ ತಾವು ನಿಂತ ಸಾಲಿನಲ್ಲಿ ಈಗ ಬೇರೆ ಹುಡುಗರು ನಿಂತಿದ್ದರು. ಅವರಿಗೆ ಇವರು ಕೋಚ್ ಆದರು. ಆಮೇಲೆ ಮೇಘಾಲಯದ ಶಿಲ್ಲಾಂಗ್‌ನಲ್ಲಿ ರಾಯಲ್ ವಾಹಿಂಗ್‌ಡೊ ತಂಡಕ್ಕೆ ತರಬೇತಿ ಕೊಟ್ಟರು. ಕೇರಳದ ಕೋಳಿಕ್ಕೋಡ್‌ನ ಒಂದು ತಂಡದಲ್ಲೂ ಕೆಲಸ ಮಾಡಿದರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಹೋದರು. ಆಗ ಅವರಿಗೆ ಬರೀ 49 ವರ್ಷ.

ಅವರು ಮೈದಾನದಲ್ಲಿ ಓಡಿದ ಓಟ ಅವರ ಜೊತೆ ಹೋಯಿತು. ಅವರು ಕಲಿಸಿದ್ದು ಹೋಗಲಿಲ್ಲ. ಅದು ಜಮ್‌ಷೆಡ್‌ಪುರದ, ಶಿಲ್ಲಾಂಗ್‌ನ, ಕೋಳಿಕ್ಕೋಡ್‌ನ ಹುಡುಗರ ಕಾಲಿನಲ್ಲಿದೆ.

ಕೋಚ್ ಅಂದರೆ ಏನು ಕೆಲಸ? ಗಟ್ಟಿಯಾಗಿ ಕೂಗೋದು, ವಿಷಲ್ ಊದೋದು ಅಂತ ಕೆಲವರು ತಿಳಿದಿದ್ದಾರೆ. ಕೋಚ್ ಕೆಲಸ ಒಟ್ಲು ನೋಡಿಕೊಂಡ ಹಾಗೆ. ಕೆ.ಆರ್. ನಗರದ ಕಡೆಯ ಅಕ್ಕಂದಿರಿಗೆ ಇದು ಚೆನ್ನಾಗಿ ಗೊತ್ತು. ಒಟ್ಲಿಗೆ ನೀರು ಹೆಚ್ಚಾದರೂ ಪೈರು ಕೊಳೆಯುತ್ತೆ. ಕಡಿಮೆಯಾದರೂ ಒಣಗುತ್ತೆ. ದಿನಾ ಹೋಗಿ ನೋಡಬೇಕು. ಯಾವ ದಿನ ಕಿತ್ತು ನಾಟಿ ಮಾಡಬೇಕು ಅಂತ ತಿಳಿದಿರಬೇಕು. ಕೋಚ್ ಕೂಡ ಒಂದೊಂದು ಮಗುವನ್ನೂ ದಿನಾ ನೋಡ್ತಾರೆ. ಈ ಮಗು ಯಾಕೆ ಇವತ್ತು ಸುಸ್ತಾಗಿದೆ? ಬೆಳಿಗ್ಗೆ ತಿಂದಿದೆಯೋ ಇಲ್ಲವೋ? ಯಾವ ಕಾಲು ಬಲ? ಭಯ ಇದೆಯೋ? ಇದನ್ನೆಲ್ಲ ನೋಡಿ ಅವರು ಕಲಿಸಬೇಕು.

ಆಟ ಚೆನ್ನಾಗಿ ಆಡೋಕೆ ಬಂದರೆ ಕಲಿಸೋಕೂ ಬರುತ್ತೆ ಅಂತಿಲ್ಲ. ಕಲಿಸೋದನ್ನೂ ಕಲೀಬೇಕು. ಪಂಜಾಬ್‌ನ ಪಟಿಯಾಲದಲ್ಲಿ 1961ರಿಂದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಇದೆ. ಅಲ್ಲಿ ಕೋಚ್‌ಗಳಿಗೆ ಪಾಠ ಹೇಳ್ತಾರೆ. ಕಾಲ್ಚೆಂಡಿಗೆ ಬೇರೆ ಪರೀಕ್ಷೆಗಳೂ ಇವೆ. ಒಂದು ಮೆಟ್ಟಿಲು ‘ಡಿ’. ಆಮೇಲೆ ‘ಸಿ’, ‘ಬಿ’, ‘ಎ’. ಕೊನೆಗೆ ‘ಪ್ರೊ’. ಒಂದೊಂದೇ ಮೆಟ್ಟಿಲು ಹತ್ತಬೇಕು. ಓದಬೇಕು, ಬರೀಬೇಕು. ಯಾವ ದಿನ ಏನು ಕಲಿಸಿದೆ, ಯಾವ ಮಗು ಬಂತು, ಯಾರಿಗೆ ಪೆಟ್ಟಾಯಿತು ಅಂತ ಪುಸ್ತಕದಲ್ಲಿ ಬರೆದಿಡಬೇಕು. ವಿಷಲ್ ಎಷ್ಟು ಮುಖ್ಯವೋ ಪೆನ್ನೂ ಅಷ್ಟೇ ಮುಖ್ಯ. ಆಡುವ ಹುಡುಗಿ ಶಾಲೆ ಬಿಡಬಾರದು ಅಂತ ನಾವು ಹೇಳೋದು ಇದಕ್ಕೇ. ಶಾಲೆ ಬಿಟ್ಟರೆ ಮೂವತ್ತಕ್ಕೆ ದಾರಿ ಮುಚ್ಚುತ್ತೆ. ಓದಿದ್ದರೆ ಇನ್ನೊಂದು ದಾರಿ ತೆರೆಯುತ್ತೆ. ಕೋಚ್ ಆಗಬಹುದು. ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಬಹುದು. ಪೊಲೀಸ್, ರೈಲ್ವೆಯಂಥ ಇಲಾಖೆಗಳಲ್ಲಿ ಆಟಗಾರರನ್ನು ಕೆಲಸಕ್ಕೆ ತೆಗೆದುಕೊಂಡಿದ್ದಾರೆ.

“ಇದೆಲ್ಲ ಗಂಡಸರ ಕಥೆ ಆಯ್ತು. ಹೆಂಗಸರು ಆಡಿದ್ದು ಉಂಟಾ?” ಅಂತ ನೀವು ಕೇಳ್ತೀರಿ. ಉಂಟು. ಅದನ್ನೂ ಕೇಳಿ.

ನೂರು ವರ್ಷದ ಹಿಂದಿನ ಮಾತು. ಇಂಗ್ಲೆಂಡ್ ದೇಶದಲ್ಲಿ ಮೊದಲ ಮಹಾಯುದ್ಧ ನಡೀತಿತ್ತು. ಗಂಡಸರು ಯುದ್ಧಕ್ಕೆ ಹೋದರು. ಕಾರ್ಖಾನೆಗಳಲ್ಲಿ ಮದ್ದುಗುಂಡು ಮಾಡೋ ಕೆಲಸಕ್ಕೆ ಹೆಂಗಸರು ಬಂದರು. ಊಟದ ಬಿಡುವಿನಲ್ಲಿ ಚೆಂಡು ಆಡಿದರು. ಪ್ರೆಸ್ಟನ್ ಅನ್ನೋ ಊರಿನ ಡಿಕ್, ಕೆರ್ ಅನ್ನೋ ಕಾರ್ಖಾನೆಯ ಹೆಂಗಸರು ತಂಡ ಕಟ್ಟಿದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್ ನಗರದಲ್ಲಿ ಅವರ ಆಟ ನೋಡೋಕೆ 53,000 ಜನ ಸೇರಿದರು. ನಮ್ಮ ಕಡೆಯ ದೊಡ್ಡ ಜಾತ್ರೆಯಷ್ಟು ಜನ! ಆಟದಿಂದ ಬಂದ ಹಣವನ್ನು ಆ ಹೆಂಗಸರು ದಾನಕ್ಕೆ ಕೊಟ್ಟರು.

ಮರುವರ್ಷ ಏನಾಯಿತು ಗೊತ್ತೇ? 1921ರ ಡಿಸೆಂಬರ್‌ನಲ್ಲಿ ಅಲ್ಲಿನ ಫುಟ್‌ಬಾಲ್ ಸಂಘದ ಗಂಡಸರು ಕೂತು ಒಂದು ತೀರ್ಮಾನ ಮಾಡಿದರು. ಈ ಆಟ ಹೆಂಗಸರಿಗೆ ತಕ್ಕದ್ದಲ್ಲ, ನಮ್ಮ ಸಂಘದ ಮೈದಾನಗಳನ್ನು ಅವರಿಗೆ ಕೊಡಬಾರದು ಅಂತ. ಆ ನಿಷೇಧ ಸುಮಾರು ಐವತ್ತು ವರ್ಷ ಇತ್ತು. ತಾಯಂದಿರೇ, ಹೆಣ್ಣಿಗೆ ಆಟ ಒಲಿಯಲಿಲ್ಲ ಅಂತ ಯಾರಾದರೂ ಹೇಳಿದರೆ ಈ ಕಥೆ ಹೇಳಿ. ಅವರಿಗೆ ಆಟ ಚೆನ್ನಾಗಿ ಒಲಿದಿತ್ತು. ಮೈದಾನವನ್ನು ಕಿತ್ತುಕೊಂಡರು.

ಈಗ ನಮ್ಮ ದೇಶಕ್ಕೆ ಬರೋಣ. ಮಣಿಪುರ ಅಂತ ಒಂದು ರಾಜ್ಯ. ದೇಶದ ಈಶಾನ್ಯ ಮೂಲೆಯಲ್ಲಿದೆ. ಅಲ್ಲಿ 1980ರಲ್ಲಿ ಬೆಂಬೆಮ್ ದೇವಿ ಹುಟ್ಟಿದರು. ಚಿಕ್ಕವರಿದ್ದಾಗ ಗಂಡುಹುಡುಗರ ಜೊತೆ ಚೆಂಡಾಡಿದರು. 1995ರಲ್ಲಿ, ಹದಿನೈದು ವರ್ಷಕ್ಕೇ, ಭಾರತ ತಂಡಕ್ಕೆ ಆಡಿದರು. ಆಮೇಲೆ ನಾಯಕಿಯಾದರು. ಮಣಿಪುರ ಪೊಲೀಸ್ ಇಲಾಖೆಯಲ್ಲಿ ಕೆಲಸವೂ ಸಿಕ್ಕಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದೇಶಕ್ಕಾಗಿ ಆಡಿದರು. 2016ರಲ್ಲಿ ಶಿಲ್ಲಾಂಗ್‌ನಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟದ ಚಿನ್ನ ಗೆದ್ದು ಭಾರತ ತಂಡದ ಆಟ ಮುಗಿಸಿದರು. ಆಮೇಲೆ ಮಣಿಪುರದ ಹುಡುಗಿಯರ ಒಂದು ತಂಡವನ್ನು ತಯಾರು ಮಾಡಿದರು. ಆ ತಂಡ ದೇಶದ ಮೊದಲ ಮಹಿಳಾ ಲೀಗ್ ಗೆದ್ದಿತು. ಅದು 2017ರ ಫೆಬ್ರವರಿ. ಅದೇ ವರ್ಷ ಬೆಂಬೆಮ್ ದೇವಿಗೆ ಅರ್ಜುನ ಪ್ರಶಸ್ತಿ ಬಂತು. 2020ರಲ್ಲಿ ಪದ್ಮಶ್ರೀ ಬಂತು.

ಗೋವಾದ ಮೇಮೋಲ್ ರಾಕಿ ಇನ್ನೊಬ್ಬರು. ಭಾರತಕ್ಕೆ ಆಡಿದವರು. 2017ರಲ್ಲಿ ಭಾರತ ಮಹಿಳಾ ತಂಡಕ್ಕೆ ಮುಖ್ಯ ಕೋಚ್ ಆದರು. ಆ ಜಾಗಕ್ಕೆ ಬಂದ ಮೊದಲ ಹೆಂಗಸು ಅವರು. ಯೋಚನೆ ಮಾಡಿ. ನಮ್ಮ ಹೆಣ್ಣುಮಕ್ಕಳು ಹತ್ತಾರು ವರ್ಷದಿಂದ ಆಡ್ತಿದ್ದರು. ಆದರೂ ಹೆಂಗಸು ಮುಖ್ಯ ಕೋಚ್ ಆಗೋಕೆ 2017 ಬರಬೇಕಾಯಿತು.

ಈಗ ಕಾಲ ಬದಲಾಗ್ತಿದೆ. 2025ರ ಜುಲೈನಲ್ಲಿ ಭಾರತ ಮಹಿಳಾ ತಂಡ ಥಾಯ್ಲೆಂಡ್ ತಂಡವನ್ನು ಅವರ ನೆಲದಲ್ಲೇ ಸೋಲಿಸಿತು. ಏಷ್ಯಾದ ದೊಡ್ಡ ಕಪ್‌ನಲ್ಲಿ ಆಡುವ ಅರ್ಹತೆ ಪಡೆಯಿತು. ನಮ್ಮವರು ಹೊಡೆದ ಎರಡು ಗೋಲನ್ನೂ ಬಂಗಾಳದ ಸಂಗೀತಾ ಬಾಸ್ಫೋರ್ ಹೊಡೆದರು. ಬೆಂಗಳೂರಿನ ಕಿಕ್‌ಸ್ಟಾರ್ಟ್ ಅನ್ನೋ ಮಹಿಳಾ ತಂಡ 2023ರಲ್ಲಿ ದೇಶದ ಲೀಗ್‌ನ ಕೊನೆಯ ಪಂದ್ಯದವರೆಗೆ ಹೋಯಿತು.

ಇನ್ನೂ ಹತ್ತಿರ ನೋಡಿ. ನಮ್ಮ ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕಿನಲ್ಲಿ ಕುರುಬೂರು ಅಂತ ಹಳ್ಳಿ ಇದೆ. ಅಲ್ಲಿನ ಬಿ. ಚೈತ್ರಾ ಖೊಖೊ ಆಟಗಾರ್ತಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊಖೊ ವಿಶ್ವಕಪ್ ನಡೆಯಿತು. ಭಾರತದ ಮಹಿಳಾ ತಂಡ ನೇಪಾಳವನ್ನು 78–40ರಿಂದ ಗೆದ್ದಿತು. ಆ ತಂಡದಲ್ಲಿ ಚೈತ್ರಾ ಇದ್ದರು. ನಮ್ಮ ಜಿಲ್ಲೆಯ ಹಳ್ಳಿಯ ಹುಡುಗಿ. ಹಳ್ಳಿಯಲ್ಲೇ ಕಲಿಸುವವರು ಇದ್ದದ್ದರಿಂದ ಅವರು ಅಷ್ಟು ದೂರ ಹೋದರು.

ಹಾಗಾದರೆ ನಮ್ಮ ಹುಡುಗಿಯರಿಗೆ ಏನು ಕಡಿಮೆ? ಬೂಟು ಇಲ್ಲ, ಮೈದಾನ ಇಲ್ಲ ಅಂತೀವಿ. ನಿಜ. ಆದರೆ ಅದಕ್ಕಿಂತ ಮೊದಲು ಇಲ್ಲದ್ದು ಒಂದು ಗಂಟೆ ಹೊತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಮನೆಗಳಲ್ಲಿ ಏನು ನಡೆಯುತ್ತೆ ಅಂತ ನೋಡಿ. ಗಂಡುಹುಡುಗ ಚೀಲ ಎಸೆದು ಮೈದಾನಕ್ಕೆ ಓಡ್ತಾನೆ. ಹೆಣ್ಣುಹುಡುಗಿ ಪಾತ್ರೆ ಬೆಳಗ್ತಾಳೆ, ನೀರು ತರ್ತಾಳೆ, ತಮ್ಮನನ್ನು ಎತ್ತಿಕೊಳ್ತಾಳೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಕಟ್ಟುವ ಕಾಲ ಬಂದರೆ ಬ್ಯಾರನ್ ಮುಂದೆ ಕೂತು ಕಡ್ಡಿಗೆ ಸೊಪ್ಪು ಕಟ್ತಾಳೆ. ಎಚ್.ಡಿ. ಕೋಟೆಯ ಹಾಡಿಗಳಿಂದ ತಂದೆತಾಯಿ ಕೊಡಗಿನ ತೋಟಕ್ಕೆ ಕೂಲಿಗೆ ಹೋದರೆ ಅವಳೂ ಜೊತೆಗೆ ಹೋಗ್ತಾಳೆ. ಆಟ ಹೋಗುತ್ತೆ. ಶಾಲೆಯೂ ಹೋಗುತ್ತೆ. ಆಮೇಲೆ ಮೈನೆರೆದಳು ಅಂತ ಮನೆಯೊಳಗೆ ಕೂರಿಸ್ತೀವಿ. ಹದಿನೆಂಟು ತುಂಬೋ ಮೊದಲೇ ಮದುವೆ ಮಾತು ಎತ್ತುವವರೂ ಇದ್ದಾರೆ. ಅದು ಕಾನೂನಿಗೂ ವಿರುದ್ಧ, ಅವಳ ಮೈಗೂ ಕೆಟ್ಟದ್ದು.

ತಾಯಂದಿರ ಮನಸ್ಸಿನಲ್ಲಿ ಭಯ ಇದೆ. ಆ ಭಯ ಸುಳ್ಳಲ್ಲ. ಒಂದೊಂದಾಗಿ ನೋಡೋಣ.

“ಕೈಕಾಲು ಮುರಿದರೆ?” ಆಟದಲ್ಲಿ ಪೆಟ್ಟು ಆಗುತ್ತೆ. ಕಾಲು ಉಳುಕಿದರೆ ಕೂಡಲೇ ತಿಕ್ಕಿಸಬೇಡಿ, ಎಳೆಸಬೇಡಿ. ತಣ್ಣೀರಿನ ಬಟ್ಟೆ ಇಡಿ. ಕಾಲು ಎತ್ತರಕ್ಕೆ ಇಟ್ಟು ಮಲಗಿಸಿ. ಊತ ಹೆಚ್ಚಾದರೆ, ಕಾಲು ಊರೋಕೆ ಆಗದಿದ್ದರೆ ಆಸ್ಪತ್ರೆಗೆ ಹೋಗಿ.

“ಮುಟ್ಟಿನ ದಿನ ಆಡಬಹುದೇ?” ಆಡಬಹುದು. ಅದು ಕಾಯಿಲೆ ಅಲ್ಲ, ಮೈಲಿಗೆಯೂ ಅಲ್ಲ. ಹೊಟ್ಟೆನೋವು ಹೆಚ್ಚಿದ್ದರೆ ಅವತ್ತು ಬಿಡುವು ತಗೊಳ್ಳಲಿ. ಶುಭ್ರವಾದ ಬಟ್ಟೆ ಅಥವಾ ಪ್ಯಾಡ್ ಇರಲಿ. ಬದಲಾಯಿಸೋಕೆ ಶಾಲೆಯಲ್ಲಿ ಒಂದು ಜಾಗ ಇರಲಿ ಅಂತ ನೀವು ಕೇಳಿ.

“ಊಟಕ್ಕೆ ಎಲ್ಲಿಂದ ತರೋಣ?” ಆಡುವ ಮಗುವಿಗೆ ವಿದೇಶದ ಪುಡಿ ಬೇಡ. ರಾಗಿ ಮುದ್ದೆ, ಕಾಳಿನ ಸಾರು, ಸೊಪ್ಪು, ಕೈಗೆ ಎಟುಕಿದಾಗ ಮೊಟ್ಟೆ, ಕಡಲೆಕಾಯಿ. ಮಗನ ತಟ್ಟೆಗೆ ಹಾಕಿದಷ್ಟೇ ಮಗಳ ತಟ್ಟೆಗೂ ಹಾಕಿ. ಎಲ್ಲರೂ ಉಂಡ ಮೇಲೆ ಉಳಿದದ್ದು ಅವಳಿಗೆ ಅನ್ನೋದು ಬೇಡ. ರಕ್ತ ಕಡಿಮೆ ಇದ್ದರೆ ಓಡೋಕೆ ಆಗಲ್ಲ, ಓದೋಕೂ ಆಗಲ್ಲ.

“ಹೊರಗೆ ಕಳಿಸಿದರೆ ಏನಾದರೂ ಆದರೆ?” ಇದು ಎಲ್ಲಕ್ಕಿಂತ ದೊಡ್ಡ ಭಯ. ಒಳ್ಳೆಯ ಕೋಚ್ ತಂದೆಯ ಹಾಗೆ, ತಾಯಿಯ ಹಾಗೆ ನೋಡಿಕೊಳ್ತಾರೆ. ಆದರೆ ಎಲ್ಲರೂ ಒಳ್ಳೆಯವರು ಅಂತ ಕಣ್ಣು ಮುಚ್ಚಬಾರದು. ಮಗಳನ್ನು ಬೇರೆ ಊರಿಗೆ ಕಳಿಸುವ ಮೊದಲು ನೀವೇ ಹೋಗಿ ಕೇಳಿ. ಜೊತೆಗೆ ಟೀಚರಮ್ಮ ಯಾರು ಬರ್ತಾರೆ? ರಾತ್ರಿ ಎಲ್ಲಿ ಮಲಗ್ತಾರೆ? ಯಾವ ದಿನ ವಾಪಸು? ಫೋನ್ ನಂಬರು ಏನು? ಉತ್ತರವನ್ನು ನಿಮ್ಮ ಕೈಯಾರೆ ಬರೆದುಕೊಳ್ಳಿ. ಈಗ ನಿಮಗೆ ಬರೆಯೋಕೆ ಬರುತ್ತಲ್ಲ? ಕೇಳಿದರೆ ಸಿಟ್ಟಾಗುವವರ ಜೊತೆ ಮಗಳನ್ನು ಕಳಿಸಬೇಡಿ. ಮಗಳಿಗೂ ಹೇಳಿ: “ಯಾರಾದರೂ ಮೈ ಮುಟ್ಟಿ ಹಿಂಸೆ ಕೊಟ್ಟರೆ, ಕೆಟ್ಟ ಮಾತಾಡಿದರೆ, ನನಗೆ ಹೇಳು. ನಾನು ನಿನ್ನ ಬಯ್ಯಲ್ಲ.” ಆ ಒಂದು ಮಾತು ಮಗಳಿಗೆ ಧೈರ್ಯ. ಮಕ್ಕಳ ಸಹಾಯವಾಣಿ 1098. ಗೋಡೆಯ ಮೇಲೆ ಬರೆದಿಡಿ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವರಿಗೆ ಶಿಕ್ಷೆ ಕೊಡೋಕೆ 2012ರ ಪೋಕ್ಸೊ ಕಾನೂನು ಇದೆ.

ಇನ್ನೊಂದು ಮಾತು ಬಿಚ್ಚಿ ಹೇಳ್ತೀವಿ. ಆಡಿದವರೆಲ್ಲ ಚಾಪ್‌ಮನ್ ಆಗಲ್ಲ. ಎಲ್ಲರೂ ಬೆಂಬೆಮ್ ದೇವಿ ಆಗಲ್ಲ. ಆಟದಿಂದ ಹಣ ಬರುತ್ತೆ ಅಂತ ಮಗಳನ್ನು ಕಳಿಸಬೇಡಿ. ಬಂದರೆ ಸಂತೋಷ. ಬಾರದಿದ್ದರೂ ಅವಳಿಗೆ ಗಟ್ಟಿ ಮೈ ಬರುತ್ತೆ. ನಾಲ್ಕು ಜನರ ಎದುರು ನಿಂತು ಮಾತಾಡೋ ಧೈರ್ಯ ಬರುತ್ತೆ. ಸೋತು ಮನೆಗೆ ಬಂದು ಮಾರನೆ ದಿನ ಮತ್ತೆ ಹೋಗೋದು ಬರುತ್ತೆ. ಹೆಣ್ಣಿನ ಬಾಳಿಗೆ ಇವು ಬೇಡವೇ?

ಮಗಳಿಗೆ ನಿಜವಾಗಿ ಆಟ ಬರುತ್ತೆ ಅಂತ ಕಂಡರೆ ಮೊದಲು ಶಾಲೆಯ ಪಿ.ಟಿ. ಮೇಷ್ಟ್ರನ್ನು ಕೇಳಿ. ಹೋಬಳಿ, ತಾಲ್ಲೂಕು, ಜಿಲ್ಲಾ ಮಟ್ಟದ ಶಾಲಾ ಪಂದ್ಯಗಳು ನಡೆಯುತ್ತವೆ. ಸರ್ಕಾರದ ಕ್ರೀಡಾ ಇಲಾಖೆಯ ವಸತಿ ನಿಲಯಗಳೂ ಇವೆ. ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಿ, ಊಟ, ವಸತಿ, ಓದು, ತರಬೇತಿ ಕೊಡ್ತಾರೆ. ಮೈಸೂರಿನಲ್ಲಿ ಚಾಮುಂಡಿ ವಿಹಾರ ಕ್ರೀಡಾಂಗಣಕ್ಕೆ ಹೋಗಿ ಕೇಳಿದರೆ ಯಾವ ಆಟಕ್ಕೆ, ಯಾವ ವಯಸ್ಸಿಗೆ, ಯಾವಾಗ ಆಯ್ಕೆ ಅಂತ ತಿಳಿಯುತ್ತೆ. ಅರ್ಜಿ ಕೊಟ್ಟರೆ ಓದಿ ನೋಡಿ ಸಹಿ ಹಾಕಿ. ಹೆಬ್ಬೆಟ್ಟು ಒತ್ತುವ ಕಾಲ ಮುಗಿಯಿತು.

ಊರಿನಲ್ಲೂ ಒಂದು ಕೆಲಸ ಆಗಬೇಕು. ನಿಮ್ಮ ಊರಲ್ಲಿ ಹಿಂದೆ ಕಬಡ್ಡಿ ಆಡ್ತಿದ್ದ, ಖೊಖೊ ಆಡ್ತಿದ್ದ ಸೊಸೆಯಂದಿರು ಇದ್ದಾರೆ. ಶಾಲೆಯಲ್ಲಿ ಬಹುಮಾನ ತಗೊಂಡವರು ಮದುವೆಯಾಗಿ ಬಂದ ಮೇಲೆ ಆ ಮಾತೇ ಆಡದೆ ಇದ್ದಾರೆ. ಅವರನ್ನು ಹುಡುಕಿ. ವಾರಕ್ಕೆ ಎರಡು ಸಂಜೆ ಊರಿನ ಹುಡುಗಿಯರಿಗೆ ಆಡಿಸಲಿ. ಜಮ್‌ಷೆಡ್‌ಪುರಕ್ಕೆ ಹೋಗಿ ಚಾಪ್‌ಮನ್ ಮಾಡಿದ ಕೆಲಸವನ್ನು ಅವರು ಊರಿನ ಶಾಲೆಯ ಬಯಲಲ್ಲಿ ಮಾಡಬಹುದು. ತನಗೆ ಬಂದ ವಿದ್ಯೆಯನ್ನು ಇನ್ನೊಬ್ಬರಿಗೆ ಕೊಡಬಹುದು. ಕಲಿಸೋಕೆ ಹೆಂಗಸು ಇದ್ದರೆ ತಾಯಂದಿರಿಗೂ ಮಗಳನ್ನು ಕಳಿಸೋಕೆ ಧೈರ್ಯ.

ನಾವು ಹೇಳೋದು ಮುಗಿಯಿತು. ಈಗ ನಿಮ್ಮ ಸರದಿ. ಮೂರು ಪ್ರಶ್ನೆ ಕೊಡ್ತೀವಿ. ನಿಮ್ಮ ಸಂಘದಲ್ಲಿ, ಕಲಿಕಾ ಕೇಂದ್ರದಲ್ಲಿ ಕೂತು ಮಾತಾಡಿ.

ಒಂದು: ನಮ್ಮ ಊರಲ್ಲಿ ಹುಡುಗಿಯರು ಆಡೋಕೆ ಜಾಗ ಎಲ್ಲಿದೆ?

ಎರಡು: ಆಟ ಗೊತ್ತಿರುವ ಹೆಂಗಸರು ನಮ್ಮ ಊರಲ್ಲಿ ಯಾರಿದ್ದಾರೆ? ಅವರ ಹೆಸರು ಬರೆಯಿರಿ.

ಮೂರು: ನಮ್ಮ ಮನೆಯ ಮಗಳಿಗೆ ದಿನಕ್ಕೆ ಒಂದು ಗಂಟೆ ಬಿಡುವು ಕೊಡೋಕೆ ಮನೆಯಲ್ಲಿ ಯಾರು ಯಾವ ಕೆಲಸ ಹಂಚಿಕೊಳ್ಳಬೇಕು?

ಮೂರನೆಯ ಪ್ರಶ್ನೆಯನ್ನು ಮನೆಯ ಗಂಡಸರನ್ನೂ ಕೂರಿಸಿಕೊಂಡು ಮಾತಾಡಿ.